ದಿನದ ಬೈಬಲ್ ಓದು, ಧ್ಯಾನದ ಟಿಪ್ಪಣಿ, ತಿಳಿಗನ್ನಡದ ಅನುವಾದ: ಹಂತ ಹಂತವಾಗಿ

ಜನವರಿ 1ಕ್ಕೆ ಆದಿಕಾಂಡದಿಂದ ಶುರುಮಾಡಿದವರಲ್ಲಿ ಬಹಳ ಮಂದಿ ವಿಮೋಚನಕಾಂಡದ 25ನೇ ಅಧ್ಯಾಯದ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಅಲ್ಲಿಯವರೆಗೆ ಕಥೆ ಓಡುತ್ತಿರುತ್ತದೆ. ಅಲ್ಲಿಂದ ಗುಡಾರದ ಅಳತೆ, ಪರದೆ, ಕೊಂಡಿಗಳ ವಿವರ ಬರುತ್ತದೆ. ಅದನ್ನು ದಾಟಿದವರು ಯಾಜಕಕಾಂಡದ ಬಲಿಗಳ ಹತ್ತಿರ ನಿಲ್ಲುತ್ತಾರೆ. ಓದು ನಿಲ್ಲದವರಿಗೆ ಇನ್ನೊಂದು ತೊಂದರೆ. ಟಿಪ್ಪಣಿ ಪುಸ್ತಕದ ಪುಟಪುಟವೂ ಒಂದೇ ಥರ ಕಾಣುತ್ತದೆ: ‘ದೇವರು ನನ್ನನ್ನು ಪ್ರೀತಿಸುತ್ತಾನೆ, ನಾನು ನಂಬಬೇಕು.’ ಯಾವ ಭಾಗ ಓದಿದರೂ ಅದೇ ಎರಡು ಸಾಲು.

ಇವೆರಡಕ್ಕೂ ಕಾರಣ ಓದಿನ ಕ್ರಮದಲ್ಲಿದೆ. ವಾಕ್ಯ ಏನು ಹೇಳುತ್ತಿದೆ ಎಂದು ತಿಳಿಯುವ ಮೊದಲೇ ‘ಇದು ನನಗೇನು ಹೇಳುತ್ತದೆ’ ಎಂಬುದಕ್ಕೆ ಹಾರುತ್ತೇವೆ. ಈ ಮಾರ್ಗದರ್ಶಿಯ ಮುಖ್ಯ ನಿಯಮ ಒಂದೇ: ಓದಿದ ಭಾಗವನ್ನು ನಿಮ್ಮ ಸ್ವಂತ ಕನ್ನಡದಲ್ಲಿ ಬರೆದು ಮುಗಿಸುವವರೆಗೆ ಧ್ಯಾನದ ಟಿಪ್ಪಣಿ ಬರೆಯಬೇಡಿ. ಸ್ವಂತ ಮಾತಿಗೆ ಇಳಿಸಲು ಆಗದ ವಚನ ನಿಮಗೆ ಇನ್ನೂ ಅರ್ಥವಾಗಿಲ್ಲ. ಮನೆ ಪ್ರಾರ್ಥನೆ ನಡೆಸುವವರಿಗೂ ಸಂಡೇ ಸ್ಕೂಲಿನಲ್ಲಿ ಕಲಿಸುವವರಿಗೂ ಇದೇ ಕ್ರಮ ಸಾಕು. ಒಂಟಿಯಾಗಿ ಓದುವವರಿಗೆ 30ರಿಂದ 40 ನಿಮಿಷ ಹಿಡಿಯುತ್ತದೆ.

## ಬೇಕಾಗುವ ಸಾಮಾನು

ಎರಡು ಕನ್ನಡ ಅನುವಾದಗಳು ಬೇಕು, ಅವು ಒಂದೇ ಜಾತಿಯವಾಗಿರಬಾರದು. ಒಂದು, ಸಭೆಗಳಲ್ಲಿ ಓದುವ ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದವು’. ಇನ್ನೊಂದು, ಸರಳ ಕನ್ನಡದ್ದು: ಬೈಬಲ್ ಸೊಸೈಟಿಯದೇ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದರೆ ಆಡುಮಾತಿಗೆ ಹತ್ತಿರದ) ಅನುವಾದವಾಗಲಿ, ‘ಪವಿತ್ರ ಬೈಬಲ್’ ಹೆಸರಿನ ಸುಲಭ ಓದಿನ ಅನುವಾದವಾಗಲಿ, ಇಂಡಿಯನ್ ರಿವೈಸ್ಡ್ ವರ್ಷನ್ ಆಗಲಿ. ಇವೆಲ್ಲ ಮೊಬೈಲ್ ಆ್ಯಪ್‌ಗಳಲ್ಲಿ ಉಚಿತವಾಗಿ ಸಿಗುತ್ತವೆ. ಆದರೂ ಮೊದಲನೆಯದನ್ನು ಕಾಗದದ ಪುಸ್ತಕದಲ್ಲೇ ಓದಿ. ಭಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ತೆರೆದ ಪುಟದಲ್ಲಿ ಕಾಣುವಷ್ಟು ಪರದೆಯಲ್ಲಿ ಕಾಣುವುದಿಲ್ಲ.

200 ಪುಟದ ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್, ಪೆನ್ನು ಇಟ್ಟುಕೊಳ್ಳಿ. ಬೈಬಲಿನ ಹಿಂಬದಿಯಲ್ಲಿ ನಕ್ಷೆಗಳಿದ್ದರೆ ಅಲ್ಲೊಂದು ಚೀಟಿ ಸಿಗಿಸಿಡಿ. ಒಂದು ಕನ್ನಡ ನಿಘಂಟು ಕೈಗೆಟುಕುವಂತಿರಲಿ.

ನಿಘಂಟು ಯಾಕೆಂದರೆ, ಹಳೆಯ ಅನುವಾದದ ಕೆಲವು ಕ್ರಿಯಾರೂಪಗಳು ಈಗಿನ ಓದುಗರನ್ನು ನೇರವಾಗಿ ದಾರಿ ತಪ್ಪಿಸುತ್ತವೆ. 23ನೇ ಕೀರ್ತನೆಯ ‘ಕೊರತೆಪಡೆನು’, ‘ಹೆದರೆನು’ ಇವು ನಿಷೇಧರೂಪಗಳು. ಕೊರತೆಪಡುವುದಿಲ್ಲ, ಹೆದರುವುದಿಲ್ಲ ಎಂದರ್ಥ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಇದನ್ನು ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ನಿಜಕ್ಕೂ ಇದೆ. ‘-ಎನು’, ‘-ಅನು’ ಎಂದು ಮುಗಿಯುವ ಕ್ರಿಯಾಪದ ಕಂಡಾಗಲೆಲ್ಲ ನಿಂತು ನೋಡಿ.

ವ್ಯಾಖ್ಯಾನ ಗ್ರಂಥ ಈ ಪಟ್ಟಿಯಲ್ಲಿಲ್ಲ. ಅದನ್ನು ಆರನೇ ಹಂತದ ಕೊನೆಯಲ್ಲಿ ತೆರೆಯಿರಿ.

## ಹಂತ 1: ಪುಸ್ತಕ ಆರಿಸಿ, ಅಳತೆ ನಿಗದಿಮಾಡಿ

ಪ್ರೊಟೆಸ್ಟೆಂಟ್ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷಕ್ಕೊಮ್ಮೆ ಮುಗಿಸಬೇಕೆಂದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು. ಅದು ಓಡುವ ಓದು. ಒಟ್ಟು ಪರಿಚಯಕ್ಕೆ ಒಳ್ಳೆಯದು, ಟಿಪ್ಪಣಿ ಬರೆಯುವ ಓದಿಗೆ ಹೊಂದುವುದಿಲ್ಲ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಲು ಹೋದವರು ಎರಡನ್ನೂ ಬಿಡುತ್ತಾರೆ.

ಹೊಸ ಒಡಂಬಡಿಕೆಯಲ್ಲಿರುವುದು 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯದಂತೆ ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ವಾರಕ್ಕೆರಡು ದಿನ ಬಿಡುವೂ ಉಳಿಯುತ್ತದೆ. ಆದರೆ ಮೊದಲ ಸಲ ಟಿಪ್ಪಣಿ ಬರೆಯುವವರಿಗೆ ಅದೂ ಹೆಚ್ಚೇ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ: 16 ಅಧ್ಯಾಯ, ಚಿಕ್ಕ ಚಿಕ್ಕ ಘಟನೆಗಳು, ಹೆಚ್ಚು ಕ್ರಿಯೆ, ಕಡಿಮೆ ಭಾಷಣ. ದಿನಕ್ಕೆ 12ರಿಂದ 20 ವಚನ ಎಂದುಕೊಂಡರೆ ಸುಮಾರು ಒಂದೂವರೆ ತಿಂಗಳು. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ, ಆಮೇಲೆ ಕೆಲವು ಕೀರ್ತನೆಗಳು, ನಂತರ ಆದಿಕಾಂಡ. ಪೌಲನ ರೋಮಾಪುರದ ಪತ್ರ ಮತ್ತು ಪ್ರಕಟನೆಯನ್ನು ಮೊದಲ ವರ್ಷಕ್ಕೆ ಇಟ್ಟುಕೊಳ್ಳಬೇಡಿ.

ಕಥೋಲಿಕ ಸಭೆಯವರಿಗೆ ದಿನದ ಪೂಜೆಯ ವಾಚನಗಳೇ ಸಿದ್ಧ ಪಟ್ಟಿ. ಭಾನುವಾರದ್ದು ಮೂರು ವರ್ಷದ ಚಕ್ರ, ವಾರದ ದಿನಗಳದ್ದು ಎರಡು ವರ್ಷದ್ದು. ಅದನ್ನು ಹಿಡಿದವರು ಆ ದಿನದ ಶುಭಸಂದೇಶದ ಭಾಗವೊಂದನ್ನೇ ಆರಿಸಿಕೊಳ್ಳಿ, ಮೂರೂ ವಾಚನಗಳಿಗೆ ಟಿಪ್ಪಣಿ ಬರೆಯಲು ಹೋಗಬೇಡಿ.

ಪತ್ರಗಳಿಗೆ ಬೇರೆ ನಿಯಮವಿದೆ. ಮೊದಲ ದಿನ ಟಿಪ್ಪಣಿ ಬೇಡ. ಪತ್ರವನ್ನು ಪತ್ರದಂತೆ, ಒಂದೇ ಸಲ ಕೂತು, ಕೊನೆಯವರೆಗೆ ಓದಿ. ಫಿಲಿಪ್ಪಿಯವರ ಪತ್ರ ಗಟ್ಟಿಯಾಗಿ ಓದಿದರೂ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಎರಡನೇ ದಿನದಿಂದ ಭಾಗ ಭಾಗವಾಗಿ ತೆಗೆದುಕೊಳ್ಳಿ.

## ಹಂತ 2: ಭಾಗವನ್ನು ಸರಿಯಾದ ಜಾಗದಲ್ಲಿ ಕತ್ತರಿಸಿ

ಅಧ್ಯಾಯದ ಅಂಕಿಗಳು ಮೂಲ ಬರಹಗಾರರು ಹಾಕಿದ್ದಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನದ ಅಂಕಿಗಳು ಬಂದದ್ದು 1551ರ ಮುದ್ರಣದಲ್ಲಿ. ಹಾಗಾಗಿ ಅಂಕಿ ಇರುವಲ್ಲಿ ಮಾತು ಮುಗಿದಿರುತ್ತದೆ ಎಂದು ನಂಬಬೇಡಿ.

ಸೃಷ್ಟಿಯ ಏಳು ದಿನಗಳ ವೃತ್ತಾಂತ ಆದಿಕಾಂಡ 1:31ಕ್ಕೆ (1ನೇ ಅಧ್ಯಾಯದ 31ನೇ ವಚನಕ್ಕೆ) ಮುಗಿಯುವುದಿಲ್ಲ. ಏಳನೇ ದಿನ ಇರುವುದು 2:1–3ರಲ್ಲಿ. ಯೆಶಾಯನ 53ನೇ ಅಧ್ಯಾಯದ ಹಾಡು ಶುರುವಾಗುವುದು 52:13ರಲ್ಲಿ. ಅಲ್ಲಿಂದ ಓದದಿದ್ದರೆ ‘ನನ್ನ ಸೇವಕನು ಉನ್ನತನಾಗುವನು’ ಎಂಬ ಆರಂಭವೇ ತಪ್ಪಿಹೋಗಿ ಬರೀ ನೋವು ಉಳಿಯುತ್ತದೆ. ಮಾರ್ಕ 9:1 ಸೇರಬೇಕಾದದ್ದು 8:34ರಿಂದ ಬಂದ ಮಾತಿಗೆ. 1 ಕೊರಿಂಥ 11:1 ಹತ್ತನೇ ಅಧ್ಯಾಯದ ಕೊನೆಯ ವಾಕ್ಯ.

ಕತ್ತರಿಸುವಾಗ ನಾಲ್ಕು ಗುರುತು ನೋಡಿ: ಜಾಗ ಬದಲಾಯಿತೇ, ಹೊತ್ತು ಬದಲಾಯಿತೇ, ಹೊಸ ಜನ ಬಂದರೇ, ವಿಷಯ ತಿರುಗಿತೇ. ಎರಡು ಗುರುತು ಒಟ್ಟಿಗೆ ಸಿಕ್ಕಲ್ಲಿ ನಿಲ್ಲಿಸಿ. ಮುದ್ರಕರು ಹಾಕಿದ ದಪ್ಪಕ್ಷರದ ಉಪಶೀರ್ಷಿಕೆ ಸಹಾಯಕ್ಕೆ ಬರುತ್ತದೆ, ಆದರೆ ಅದೂ ಮೂಲದ್ದಲ್ಲ. ಮೊದಲು ಅದನ್ನು ಓದಿದರೆ ಭಾಗದ ಅರ್ಥವನ್ನು ಅದೇ ತೀರ್ಮಾನಿಸಿಬಿಡುತ್ತದೆ.

ಮುಂದಿನ ಹಂತಗಳಿಗೆಲ್ಲ ಉದಾಹರಣೆಯಾಗಿ ಮಾರ್ಕ 4:35–41 ತೆಗೆದುಕೊಳ್ಳೋಣ, ಬಿರುಗಾಳಿ ಅಡಗಿಸಿದ ಪ್ರಸಂಗ. 35ರಲ್ಲಿ ಹೊತ್ತು ಬದಲಾಗುತ್ತದೆ (ಸಂಜೆ), ಜಾಗವೂ ಬದಲಾಗುತ್ತದೆ (ಆಚೇ ದಡಕ್ಕೆ). 5:1ರಲ್ಲಿ ದಡ ಸೇರುತ್ತಾರೆ. ನಡುವಿನ ಏಳು ವಚನ ಒಂದು ದಿನಕ್ಕೆ ಸಾಕು.

## ಹಂತ 3: ಮೂರು ಸಲ ಓದಿ, ಮೂರೂ ಬೇರೆ ಬೇರೆ ರೀತಿ

ಮೊದಲ ಸಲ ಗಟ್ಟಿಯಾಗಿ, ನಿಲ್ಲಿಸದೆ. ಪೆನ್ಸಿಲ್ ಮುಟ್ಟಬೇಡಿ.

ಎರಡನೇ ಸಲ ಪೆನ್ಸಿಲ್ ಹಿಡಿದು. ಮತ್ತೆ ಮತ್ತೆ ಬರುವ ಪದಕ್ಕೆ ಗೆರೆ, ಅರ್ಥವಾಗದ್ದಕ್ಕೆ ಪ್ರಶ್ನೆಚಿಹ್ನೆ, ‘ಆದರೆ’, ‘ಯಾಕಂದರೆ’, ‘ಆದದರಿಂದ’ ಇವುಗಳ ಸುತ್ತ ವೃತ್ತ. ಪತ್ರಗಳಲ್ಲಿ ಈ ವೃತ್ತಗಳೇ ವಾದದ ಬೆನ್ನೆಲುಬು.

ಮೂರನೇ ಸಲ ಎರಡನೇ ಅನುವಾದದಲ್ಲಿ. ಎರಡೂ ಬೇರೆ ಹೇಳುತ್ತಿರುವ ಜಾಗಗಳನ್ನು ಮಾತ್ರ ಅಂಚಿನಲ್ಲಿ ಗುರುತುಮಾಡಿ. ಆ ಜಾಗಗಳಲ್ಲೇ ಕಷ್ಟ ಇರುತ್ತದೆ. ಅನುವಾದಕರು ಅಲ್ಲಿ ಏನೋ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಿದೆ.

ಮೌನವಾಗಿ ಒಂದೇ ಸಲ ಓದಿ ಮುಂದೆ ಹೋಗುವುದು ಅತಿ ಸಾಮಾನ್ಯ ತಪ್ಪು. ಪರಿಚಿತ ಭಾಗವಾದರೆ ಕಣ್ಣು ಓದುವುದೇ ಇಲ್ಲ, ನೆನಪು ಓದುತ್ತದೆ.

## ಹಂತ 4: ಕಂಡದ್ದನ್ನು ಮಾತ್ರ ಬರೆಯಿರಿ

ನೋಟ್‌ಬುಕ್ಕಿನ ಎಡಪುಟ ಗಮನಕ್ಕೆ, ಬಲಪುಟ ಸ್ವಂತ ಕನ್ನಡಕ್ಕೆ ಮತ್ತು ಧ್ಯಾನಕ್ಕೆ. ಎಡಪುಟದಲ್ಲಿ ತಾರೀಕು, ಭಾಗ, ನಂತರ ಆರರಿಂದ ಹತ್ತು ಗಮನಗಳು. ‘ನನಗೆ ಅನಿಸಿದ್ದು’ ಇಲ್ಲಿ ಬರಬಾರದು.

ಮಾರ್ಕ 4:35–41ಕ್ಕೆ ಪುಟ ಹೀಗಿರಬಹುದು. ಹೋಗೋಣ ಎಂದವರು ಯೇಸುವೇ. ಬೇರೆ ದೋಣಿಗಳೂ ಜೊತೆಗಿದ್ದವು. ಯೇಸು ಮಲಗಿದ್ದದ್ದು ದೋಣಿಯ ಹಿಂಭಾಗದಲ್ಲಿ, ತಲೆದಿಂಬಿನ ಮೇಲೆ. ಶಿಷ್ಯರು ಸಹಾಯ ಕೇಳಲಿಲ್ಲ, ದೂರಿದರು. ಮೊದಲು ಗಾಳಿ ಅಡಗಿತು, ಪ್ರಶ್ನೆ ಆಮೇಲೆ ಬಂತು. ಮೂಲ ಗ್ರೀಕಿನಲ್ಲಿ ಒಂದೇ ವಿಶೇಷಣ ಮೂರು ಸಲ ಇದೆ: ಮಹಾ ಬಿರುಗಾಳಿ, ಮಹಾ ಶಾಂತತೆ, ಮಹಾ ಭಯ. ಭಾಗ ಮುಗಿಯುವುದು ಉತ್ತರವಿಲ್ಲದ ಪ್ರಶ್ನೆಯಲ್ಲಿ, ‘ಹಾಗಾದರೆ ಇವರು ಯಾರು?’

ಆಮೇಲೆ ಸಮಾನಾಂತರ ಭಾಗ ನೋಡಿ: ಮತ್ತಾಯ 8:23–27, ಲೂಕ 8:22–25. ಮತ್ತಾಯನಲ್ಲಿ ಯೇಸು ಮೊದಲು ಶಿಷ್ಯರನ್ನು ಪ್ರಶ್ನಿಸಿ ಆಮೇಲೆ ಗಾಳಿಯನ್ನು ಗದರಿಸುತ್ತಾರೆ. ಮಾರ್ಕನಲ್ಲಿ ಅದರ ತಿರುವುಮುರುವು. ಈ ವ್ಯತ್ಯಾಸವನ್ನು ಬರೆದಿಡಿ, ಮೂರನ್ನೂ ಕಲಸಿ ಒಂದು ಕಥೆ ಮಾಡಬೇಡಿ. ಪ್ರತಿ ಸುವಾರ್ತೆಗಾರನಿಗೂ ಅವನದೇ ಒತ್ತು ಇದೆ, ಕಲಸಿದರೆ ಮೊದಲು ಕಳೆದುಹೋಗುವುದು ಅದೇ. ಹಳೆಯ ಒಡಂಬಡಿಕೆಯ ಹಿನ್ನೆಲೆಗೆ ಕೀರ್ತನೆ 107:23–30 ಮತ್ತು ಯೋನನ ಮೊದಲ ಅಧ್ಯಾಯ ಓದಿ. ಬಿರುಗಾಳಿಯನ್ನು ಶಾಂತಮಾಡುವವನು ಯಾರೆಂದು ಆ ಕೀರ್ತನೆ ಹೇಳುತ್ತದೆ. ಶಿಷ್ಯರ ಪ್ರಶ್ನೆಗೆ ಭಾರ ಬರುವುದು ಅಲ್ಲಿಂದ.

ಜಾಗದ ಚಿತ್ರ ತಪ್ಪಾದರೆ ಓದೂ ತಪ್ಪುತ್ತದೆ. ‘ಸಮುದ್ರ’ ಎಂದ ಕೂಡಲೇ ಮಂಗಳೂರು, ಕಾರವಾರದವರಿಗೆ ಕಾಣುವುದು ಅರಬ್ಬೀ ಸಮುದ್ರ. ಗಲಿಲಾಯದ್ದು ಸಿಹಿನೀರಿನ ಸರೋವರ: ಉದ್ದ ಸುಮಾರು 21 ಕಿಲೋಮೀಟರ್, ಅಗಲ 13, ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗೆ, ಸುತ್ತ ಗುಡ್ಡಗಳು. ಆ ಗುಡ್ಡಗಳ ಕಡೆಯಿಂದ ಗಾಳಿ ಹಠಾತ್ತನೆ ಇಳಿಯುತ್ತದೆ. 1986ರಲ್ಲಿ ಅದರ ದಡದ ಕೆಸರಿನಲ್ಲಿ ಸಿಕ್ಕ ಆ ಕಾಲದ ದೋಣಿಯ ಉದ್ದ 8 ಮೀಟರ್ ಚಿಲ್ಲರೆ, ಅಗಲ 2.3 ಮೀಟರ್. ಅಷ್ಟು ಚಿಕ್ಕ ದೋಣಿಯಲ್ಲಿ, ನೀರು ಒಳಗೆ ನುಗ್ಗುವಾಗ, ಒಬ್ಬರು ನಿದ್ರಿಸುತ್ತಿದ್ದಾರೆ.

ಹೊತ್ತು, ಅಳತೆ, ಹಣ ಬಂದಾಗಲೆಲ್ಲ ಎಡಪುಟದಲ್ಲೇ ಲೆಕ್ಕ ಮಾಡಿ. ಮತ್ತಾಯ 20ರ ಮೂರನೇ, ಆರನೇ, ಒಂಬತ್ತನೇ, ಹನ್ನೊಂದನೇ ತಾಸುಗಳು ಬೆಳಗ್ಗೆ 9, ಮಧ್ಯಾಹ್ನ 12, 3 ಮತ್ತು ಸಂಜೆ 5. ಕೊನೆಯವನು ದುಡಿದದ್ದು ಒಂದೇ ಗಂಟೆ. ಮಾರ್ಕ 6:48ರ ನಾಲ್ಕನೇ ಜಾವ ಬೆಳಗಿನ ಜಾವ 3ರಿಂದ 6. ಆದರೆ ನ್ಯಾಯಸ್ಥಾಪಕರು 7:19ರಲ್ಲಿ ‘ಮಧ್ಯದ ಜಾವ’ ಎಂದಿರುವುದು ರಾತ್ರಿಯನ್ನು ಮೂರು ಪಾಲು ಮಾಡುತ್ತಿದ್ದ ಹಳೆಯ ಲೆಕ್ಕ. ನೋಹನ ನಾವೆಯ 300 ಮೊಳ ಸುಮಾರು 135 ಮೀಟರ್. ಮತ್ತಾಯ 18ರಲ್ಲಿ ಒಬ್ಬನ ಸಾಲ ಹತ್ತು ಸಾವಿರ ತಲಾಂತು, ಇನ್ನೊಬ್ಬನದು ನೂರು ದೆನಾರಿ. ದೆನಾರಿ ಒಂದು ದಿನದ ಕೂಲಿ, ತಲಾಂತು ಸುಮಾರು 6,000 ದೆನಾರಿ. ಅಂದರೆ ಒಬ್ಬನದು ಆರು ಕೋಟಿ ದಿನದ ಕೂಲಿ, ಇನ್ನೊಬ್ಬನದು ನೂರು ದಿನದ್ದು. ರೂಪಾಯಿಗೆ ತಿರುಗಿಸಬೇಡಿ, ಕೂಲಿಯ ದಿನಗಳಲ್ಲೇ ಇಡಿ. ಬೆಲೆ ಬದಲಾದರೂ ಲೆಕ್ಕ ಕೆಡುವುದಿಲ್ಲ.

## ಹಂತ 5: ಸ್ವಂತ ಕನ್ನಡಕ್ಕೆ ತನ್ನಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು, ಕನಿಷ್ಠ 15 ನಿಮಿಷ. ಬೈಬಲ್ ಮುಚ್ಚಿ, ಭಾಗವನ್ನು ಪಕ್ಕದ ಮನೆಯವರಿಗೆ ಹೇಳುವಂತೆ ಬಾಯಲ್ಲಿ ಹೇಳಿ. ಆಮೇಲೆ ತೆರೆದು, ಬಿಟ್ಟದ್ದನ್ನು ಸೇರಿಸಿ, ಕೂಡಿಸಿದ್ದನ್ನು ತೆಗೆದು ಬರೆಯಿರಿ. ನೇರವಾಗಿ ನೋಡಿಕೊಂಡು ಬರೆಯಲು ಕೂತರೆ ಪದಕ್ಕೆ ಪದ ಜೋಡಿಸಿದ ಕನ್ನಡ ಬರುತ್ತದೆ.

ಇಂಗ್ಲಿಷ್ ಬೈಬಲನ್ನು ಮುಂದಿಟ್ಟುಕೊಂಡು ಬರೆದರೆ ಹೀಗಾಗುತ್ತದೆ: ‘ಮತ್ತು ಒಂದು ದೊಡ್ಡ ಬಿರುಗಾಳಿಯು ಎಬ್ಬಿಸಲ್ಪಟ್ಟಿತು ಮತ್ತು ಅಲೆಗಳು ದೋಣಿಯ ಮೇಲೆ ಒಡೆದವು, ಆದ್ದರಿಂದ ಅದು ಈಗಾಗಲೇ ತುಂಬಲ್ಪಡುತ್ತಿತ್ತು.’

ಬಾಯಲ್ಲಿ ಹೇಳಿ ಬರೆದರೆ: ‘ಅಷ್ಟರಲ್ಲಿ ಜೋರು ಬಿರುಗಾಳಿ ಎದ್ದಿತು. ಅಲೆಗಳು ಬಂದು ಬಂದು ದೋಣಿಗೆ ಬಡಿದು ಒಳಗೆಲ್ಲ ನೀರು ತುಂಬತೊಡಗಿತು. ಯೇಸು ಮಾತ್ರ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದರು. ಶಿಷ್ಯರು ಅವರನ್ನು ಎಬ್ಬಿಸಿ, “ಗುರುಗಳೇ, ನಾವು ಸಾಯುತ್ತಿದ್ದೇವೆ, ನಿಮಗೆ ಚಿಂತೆಯೇ ಇಲ್ಲವೇ?” ಎಂದರು.’

ಎರಡನೆಯದರಲ್ಲಿ ಒಂದು ನಷ್ಟವಿದೆ. ‘ಜೋರು’ ಎಂದದ್ದರಿಂದ ಮೂರು ಸಲ ಬರುವ ‘ಮಹಾ’ ಕಳೆದುಹೋಯಿತು. ಮನೆಯಲ್ಲಿ ಓದಲು ಬರೆಯುವಾಗ ಈ ನಷ್ಟ ಒಪ್ಪಿಕೊಳ್ಳಿ, ಆದರೆ ಅಂಚಿನಲ್ಲಿ ಬರೆದಿಡಿ. ಸಹಜತೆಗಾಗಿ ಬಿಟ್ಟುಕೊಟ್ಟದ್ದು ಏನೆಂದು ಗೊತ್ತಿರಬೇಕು, ಗೊತ್ತಿಲ್ಲದೆ ಬಿಡುವುದು ಬೇರೆ.

ಈಗ ಪದೇ ಪದೇ ಎಡವುವ ಜಾಗಗಳು.

ಕರ್ಮಣಿ ಪ್ರಯೋಗ. ‘ದೇವರಿಂದ ಪ್ರೀತಿಸಲ್ಪಟ್ಟವರು’ ಎಂದು ಯಾರೂ ಮಾತಾಡುವುದಿಲ್ಲ. ‘ದೇವರು ಪ್ರೀತಿಸಿದವರು’ ಎನ್ನಿ. ಮಾಡಿದವರು ಯಾರೆಂದು ಗೊತ್ತಿರುವಲ್ಲೆಲ್ಲ ಅವರನ್ನು ಮುಂದಕ್ಕೆ ತನ್ನಿ. ಆದರೆ ಕಣ್ಣುಮುಚ್ಚಿ ಎಲ್ಲ ಕಡೆ ಹೀಗೆ ಮಾಡಬಾರದು. ಮಾರ್ಕ 2:5ರಲ್ಲಿ ಪಾರ್ಶ್ವವಾಯು ರೋಗಿಗೆ ಹೇಳುವ ಮಾತನ್ನು ‘ನಾನು ನಿನ್ನ ಪಾಪಗಳನ್ನು ಕ್ಷಮಿಸಿದ್ದೇನೆ’ ಎಂದು ತಿರುಗಿಸಿದರೆ, ಕ್ಷಮಿಸಿದವರು ಯಾರೆಂಬ ಪ್ರಶ್ನೆಗೆ ಶಾಸ್ತ್ರಿಗಳು ಬಾಯಿ ತೆರೆಯುವ ಮೊದಲೇ ನೀವು ಉತ್ತರ ಕೊಟ್ಟಂತಾಯಿತು. ಮುಂದಿನ ಎರಡು ವಚನಗಳ ಜಗಳ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ‘ನಿನ್ನ ಪಾಪಗಳಿಗೆ ಕ್ಷಮೆ ಸಿಕ್ಕಿದೆ’ ಎಂದರೆ ಕನ್ನಡವೂ ಸಹಜ, ಕರ್ತೃವೂ ಮರೆಯಲ್ಲೇ ಉಳಿಯುತ್ತಾನೆ.

ನೀನು, ನೀವು. ಗ್ರೀಕಿಗೂ ಹೀಬ್ರೂಗೂ ಏಕವಚನ, ಬಹುವಚನದ ವ್ಯತ್ಯಾಸವಿದೆ, ಕನ್ನಡಕ್ಕೂ ಇದೆ. ಈಗಿನ ಇಂಗ್ಲಿಷಿಗೆ ಇಲ್ಲ. ಇಂಗ್ಲಿಷಿನಿಂದ ಅನುವಾದಿಸುವವರು ಕನ್ನಡ ಹಿಡಿದಿಡಬಲ್ಲದ್ದನ್ನೂ ಚೆಲ್ಲುತ್ತಾರೆ. ಲೂಕ 22:31–32ರಲ್ಲಿ ಯೇಸು ಸೀಮೋನನಿಗೆ ಹೇಳುವುದು ‘ಸೈತಾನ ನಿಮ್ಮನ್ನು ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ಆದರೆ ನಾನು ನಿನಗಾಗಿ ಬೇಡಿಕೊಂಡಿದ್ದೇನೆ’ ಎಂದು. ಜರಡಿ ಎಲ್ಲ ಶಿಷ್ಯರಿಗೆ, ಪ್ರಾರ್ಥನೆ ಪೇತ್ರನಿಗೆ. 1 ಕೊರಿಂಥ 3:16ರಲ್ಲಿ ದೇವರ ಆಲಯ ಎಂದು ಕರೆದಿರುವುದು ‘ನಿಮ್ಮನ್ನು’, ಅಂದರೆ ಇಡೀ ಸಭೆಯನ್ನು.

ತೊಡಕು ಬರುವುದು ಗೌರವದಲ್ಲಿ. ಹಳೆಯ ಅನುವಾದ ಯೇಸುವಿಗೆ ‘ಹೇಳಿದನು’ ಎನ್ನುತ್ತದೆ. ಸಿ.ಎಲ್. ಅನುವಾದದಲ್ಲಿ ‘ಯೇಸುಸ್ವಾಮಿ’, ಕ್ರಿಯಾಪದವೂ ಗೌರವದ್ದು. ಎರಡೂ ಸರಿಯೇ. ನಿಮ್ಮ ಕೇಳುಗರ ಕಿವಿಗೆ ಒಗ್ಗುವ ಒಂದನ್ನು ಆರಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ಕೊನೆಯವರೆಗೆ ಅದನ್ನೇ ಪಾಲಿಸಿ. ಆದರೆ ಗೌರವದ ‘ನೀವು’ ಬಂದಲ್ಲಿ ಬಹುವಚನದ ‘ನೀವು’ ಮುಚ್ಚಿಹೋಗುತ್ತದೆ. ಯೋಹಾನ 3:7ರಲ್ಲಿ ನಿಕೊದೇಮ ಹಿರಿಯನೆಂದು ಯೇಸುವಿನ ಬಾಯಲ್ಲೂ ಅವನಿಗೆ ‘ನೀವು’ ಹಾಕಿದರೆ, ‘ನಾನು ನಿನಗೆ ಹೇಳಿದ್ದು’ ಮತ್ತು ‘ನೀವು ಹೊಸದಾಗಿ ಹುಟ್ಟಬೇಕು’ ಎಂಬೆರಡರ ನಡುವಿನ ಹೆಜ್ಜೆ ಕಾಣುವುದಿಲ್ಲ. ಅಂಥ ಕಡೆ ‘ನೀವೆಲ್ಲರೂ’ ಎನ್ನಿ.

ಅಣ್ಣ, ತಮ್ಮ, ಅಕ್ಕ, ತಂಗಿ. ಮೂಲದಲ್ಲಿ ಸಾಮಾನ್ಯವಾಗಿ ಇರುವುದು ಒಡಹುಟ್ಟಿದವರು ಎಂಬಷ್ಟೇ. ಕನ್ನಡ ಕೈ ಹಿಡಿದು ಜಗ್ಗುತ್ತದೆ, ದೊಡ್ಡವರೋ ಚಿಕ್ಕವರೋ ಹೇಳು ಎಂದು. ವಾಕ್ಯದಲ್ಲಿ ಆಧಾರವಿದ್ದರೆ ಮಾತ್ರ ಹೇಳಿ. ವಿಮೋಚನಕಾಂಡ 7:7ರ ಪ್ರಕಾರ ಮೋಶೆಗೆ 80, ಆರೋನನಿಗೆ 83. ಆದ್ದರಿಂದ ಆರೋನ ಅಣ್ಣ, ಸಂಶಯವಿಲ್ಲ. ಪೇತ್ರ–ಅಂದ್ರೆಯರಲ್ಲಿ, ಮಾರ್ಥ–ಮರಿಯರಲ್ಲಿ ಯಾರು ದೊಡ್ಡವರೆಂದು ಎಲ್ಲೂ ಹೇಳಿಲ್ಲ. ಅಲ್ಲಿ ‘ಸಹೋದರ’, ‘ಸಹೋದರಿ’ ಎಂದೇ ಬಿಡಿ.

ನಾಮಪದಗಳ ಸರಪಣಿ. ಮಾರ್ಕ 1:4ರಲ್ಲಿ ಪಾಪಕ್ಷಮೆ, ಮಾನಸಾಂತರ, ದೀಕ್ಷಾಸ್ನಾನ ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಬಿಡಿಸುವ ಉಪಾಯ: ಪ್ರತಿ ಪದಕ್ಕೂ ಯಾರು, ಏನು ಮಾಡಿದರು ಎಂದು ಕೇಳಿ. ತಿರುಗಿಕೊಳ್ಳುವವರು ಜನ, ದೀಕ್ಷಾಸ್ನಾನ ಮಾಡಿಸುವವನು ಯೋಹಾನ, ಕ್ಷಮಿಸುವವನು ದೇವರು. ಆಗ ಬರೆಯಬಹುದು: ‘ಪಾಪ ಬಿಟ್ಟು ದೇವರ ಕಡೆಗೆ ತಿರುಗಿಕೊಳ್ಳಿ, ದೀಕ್ಷಾಸ್ನಾನ ಮಾಡಿಸಿಕೊಳ್ಳಿ, ದೇವರು ನಿಮ್ಮ ಪಾಪಗಳನ್ನು ಕ್ಷಮಿಸುತ್ತಾನೆ ಎಂದು ಯೋಹಾನ ಸಾರಿದನು.’

ಯಾರು ಯಾರನ್ನು. ಮಾರ್ಕ 9:20ರಲ್ಲಿ ಹುಡುಗ, ಯೇಸು, ದೆವ್ವ ಮೂವರಿಗೂ ಸರ್ವನಾಮವೇ ಇದ್ದರೆ ಕೇಳುಗರಿಗೆ ಯಾರು ಯಾರನ್ನು ಒದ್ದಾಡಿಸಿದರೆಂದೇ ತಿಳಿಯುವುದಿಲ್ಲ. ಗೊಂದಲ ಬಂದ ಕೂಡಲೇ ಹೆಸರು ಹಾಕಿ. ಇದು ಕೂಡಿಸುವುದಲ್ಲ, ಇದ್ದದ್ದನ್ನು ಸ್ಪಷ್ಟಮಾಡುವುದು.

ಉದ್ದ ವಾಕ್ಯ. ಎಫೆಸ 1:3–14 ಗ್ರೀಕಿನಲ್ಲಿ ಒಂದೇ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹಾಗೇ ಇಟ್ಟರೆ ಕೇಳುಗರು ಕಾದು ಸುಸ್ತಾಗುತ್ತಾರೆ. ಎಂಟು ಹತ್ತು ವಾಕ್ಯ ಮಾಡಿ, ಪ್ರತಿಯೊಂದಕ್ಕೂ ಕರ್ತೃ ಕೊಡಿ. ‘ಮತ್ತು’ಗಳನ್ನು ಬಹುಪಾಲು ಕೈಬಿಡಬಹುದು, ‘ಯಾಕಂದರೆ’, ‘ಆದರೆ’ಗಳನ್ನು ಬಿಡಬಾರದು.

ಮತ್ತೆ ಮತ್ತೆ ಬರುವ ಮುಖ್ಯ ಪದಗಳು. ಕೃಪೆ, ನೀತಿ, ಒಡಂಬಡಿಕೆ, ದೇವರ ರಾಜ್ಯ ಇಂಥವಕ್ಕೆ ನೋಟ್‌ಬುಕ್ಕಿನ ಕೊನೆಯ ಹತ್ತು ಪುಟಗಳಲ್ಲಿ ಪಟ್ಟಿ ಇಡಿ: ಪದ, ನೀವು ಬಳಸಿದ ಕನ್ನಡ, ಬಂದ ವಚನ. ‘ರಾಜ್ಯ’ ಎಂದರೆ ಇಂದಿನ ಕೇಳುಗರಿಗೆ ಮೊದಲು ಹೊಳೆಯುವುದು ಕರ್ನಾಟಕ, ಕೇರಳ. ಸುವಾರ್ತೆಗಳ ಹೆಚ್ಚಿನ ಕಡೆ ‘ದೇವರ ಆಳ್ವಿಕೆ’ ಎಂಬುದೇ ತಿಳಿಯಾಗುತ್ತದೆ. ಆದರೆ ಜನ ‘ಅದರಲ್ಲಿ ಸೇರುವ’ ಮಾತು ಬಂದಾಗ ಆಳ್ವಿಕೆ ಸರಿಹೊಂದದೆ ‘ರಾಜ್ಯ’ವೇ ಬೇಕಾಗಬಹುದು. ಬದಲಾಯಿಸಿದ ದಿನ ಪಟ್ಟಿಯಲ್ಲಿ ಕಾರಣ ಬರೆಯಿರಿ.

## ಹಂತ 6: ಈಗ ಧ್ಯಾನ, ಆರೇಳು ಸಾಲು

ಬಲಪುಟದ ಕೆಳಗೆ ಮೂರು ಪ್ರಶ್ನೆ, ಈ ಕ್ರಮದಲ್ಲೇ. ಈ ಭಾಗ ದೇವರ ಬಗ್ಗೆ, ಕ್ರಿಸ್ತನ ಬಗ್ಗೆ ಏನು ತೋರಿಸುತ್ತದೆ? ಅಲ್ಲಿನ ಜನರ ಬಗ್ಗೆ ಏನು ತೋರಿಸುತ್ತದೆ? ಇಂದು ನಾನು ಬದಲಿಸಬೇಕಾದ ಒಂದು ಸಂಗತಿ ಯಾವುದು? ಕೊನೆಗೆ ಎರಡು ಸಾಲಿನ ಪ್ರಾರ್ಥನೆ, ಭಾಗದಲ್ಲಿ ಬಂದ ಮಾತುಗಳನ್ನೇ ಬಳಸಿ.

ಬಿರುಗಾಳಿಯ ಭಾಗದಲ್ಲಿ ಎಲ್ಲರೂ ಹಾರುವುದು ‘ನನ್ನ ಜೀವನದ ಬಿರುಗಾಳಿ’ಗೆ: ಸಾಲ, ಕೆಲಸ, ಕಾಯಿಲೆ. ಆದರೆ ಮಾರ್ಕ ಭಾಗವನ್ನು ಮುಗಿಸಿದ್ದು ಬೇರೆ ಕಡೆ. ಶಿಷ್ಯರ ಮಹಾ ಭಯ ಬಂದದ್ದು ಗಾಳಿ ಅಡಗಿದ ಮೇಲೆ. ಧ್ಯಾನ ಅಲ್ಲಿಂದ ಶುರುವಾಗಲಿ: ದೋಣಿಯಲ್ಲಿ ತಮ್ಮೊಡನೆ ಇರುವವರು ಯಾರೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ, ನನಗೆ ಗೊತ್ತೇ? ಸ್ವಂತ ಕಷ್ಟ ಆಮೇಲೆ ಬರಲಿ, ಬಂದೇ ಬರುತ್ತದೆ.

ಬಿಡಿ ವಚನ ಕಿತ್ತುಕೊಳ್ಳುವ ಅಭ್ಯಾಸ ಇಲ್ಲಿ ಬಹಳ ಹಾನಿ ಮಾಡುತ್ತದೆ. ಯೆರೆಮೀಯ 29:11 ಗೋಡೆಯ ಕ್ಯಾಲೆಂಡರುಗಳಲ್ಲಿ ಕಾಣುವ ವಾಗ್ದಾನ. ಅದು ಬಾಬೆಲಿಗೆ ಸೆರೆ ಹೋದ ಜನಕ್ಕೆ ಬರೆದ ಪತ್ರದ ಸಾಲು, ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಪತ್ರ ಕೇಳಿದವರಲ್ಲಿ ಅನೇಕರು ಆ ಬಿಡುಗಡೆಯನ್ನು ಕಾಣಲು ಬದುಕಿರಲಾರರು. ‘ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ’ ಎಂಬರ್ಥದ ಫಿಲಿಪ್ಪಿ 4:13ಕ್ಕೆ ಹಿಂದಿನ ಎರಡು ವಚನ ಹೇಳುವುದು ಹಸಿವು, ಕೊರತೆ ಮತ್ತು ಸಮೃದ್ಧಿ ಎರಡರಲ್ಲೂ ತೃಪ್ತನಾಗಿರುವುದನ್ನು. ಪರೀಕ್ಷೆಯ ಹಾಲ್‌ಟಿಕೆಟ್ ಮೇಲೆ ಬರೆಯುವ ಮೊದಲು ಆ ಎರಡು ವಚನ ಓದಿ. ನಿಯಮ ಇಷ್ಟು: ವಚನವನ್ನು ನಿಮ್ಮದಾಗಿಸಿಕೊಳ್ಳುವ ಮೊದಲು, ಮೊದಲ ಕೇಳುಗರಿಗೆ ಅದು ಏನಾಗಿತ್ತು ಎಂದು ಒಂದು ವಾಕ್ಯ ಬರೆಯಿರಿ.

ವ್ಯಾಖ್ಯಾನ ಗ್ರಂಥ ತೆರೆಯುವುದಿದ್ದರೆ ಈಗ ತೆರೆಯಿರಿ. ಅದರಿಂದ ತಿದ್ದಿಕೊಂಡದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.

## ಹಂತ 7: ಬೇರೆಯವರ ಕಿವಿಗೆ ಹಾಕಿ ಪರೀಕ್ಷಿಸಿ

ವಾರಕ್ಕೊಮ್ಮೆಯಾದರೂ ನಿಮ್ಮ ಕನ್ನಡವನ್ನು ಆ ಭಾಗ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಮನೆಯ ಅಜ್ಜಿಯೂ ಆಗಬಹುದು, ಏಳನೇ ತರಗತಿಯ ಮಗುವೂ ಆಗಬಹುದು. ‘ಅರ್ಥವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ಈಗ ನೀವು ಹೇಳಿ’ ಎನ್ನಿ. ಅವರು ತಡವರಿಸಿದ ಜಾಗ, ಬಿಟ್ಟ ಜಾಗ, ತಪ್ಪು ಹೇಳಿದ ಜಾಗ ಗುರುತುಮಾಡಿ. ಆಮೇಲೆ ಎರಡು ಮೂರು ಪ್ರಶ್ನೆ: ಯೇಸು ಎಲ್ಲಿ ಮಲಗಿದ್ದರು? ಶಿಷ್ಯರು ಯಾವಾಗ ಹೆಚ್ಚು ಹೆದರಿದರು? ಎರಡನೆಯದಕ್ಕೆ ‘ಗಾಳಿ ಬಂದಾಗ’ ಎಂಬ ಉತ್ತರ ಬಂದರೆ 41ನೇ ವಚನವನ್ನು ಇನ್ನೊಮ್ಮೆ ಬರೆಯಬೇಕು.

ಗುಂಪಾಗಿ ಅನುವಾದ ಮಾಡುವವರು ಇನ್ನೊಂದು ಹೆಜ್ಜೆ ಸೇರಿಸಿ. ನಿಮ್ಮ ಕರಡನ್ನು ಮೂಲ ಭಾಗ ನೋಡದ ಒಬ್ಬರು ಮತ್ತೆ ಇಂಗ್ಲಿಷಿಗೋ ಹಿಂದಿಗೋ ತಿರುಗಿಸಲಿ. ತಿರುಗಿ ಬಂದದ್ದನ್ನು ಮೂಲದ ಪಕ್ಕ ಇಟ್ಟರೆ ಕೂಡಿದ್ದು, ಕಳೆದದ್ದು ಎರಡೂ ಕಣ್ಣಿಗೆ ಬೀಳುತ್ತವೆ.

ಮನೆಮಾತು ತುಳು, ತೆಲುಗು ಅಥವಾ ತಮಿಳು ಆಗಿದ್ದು ಕನ್ನಡ ಬೈಬಲಿನಿಂದ ಮನೆಮಾತಿಗೆ ಹೇಳುವವರಿಗೆ ಒಂದು ಎಚ್ಚರಿಕೆ. ಕನ್ನಡದ ‘ನಾವು’ ಒಂದೇ. ಆ ಭಾಷೆಗಳಲ್ಲಿ ಎರಡಿವೆ. ಕೇಳುವವರನ್ನು ಸೇರಿಸಿಕೊಂಡ ‘ನಮ’, ‘ಮನಮು’, ‘ನಾಮ್’. ಬಿಟ್ಟು ಹೇಳುವ ‘ಎಂಕುಲು’, ‘ಮೇಮು’, ‘ನಾಂಗಳ್’. ಕರ್ತನ ಪ್ರಾರ್ಥನೆಯ ‘ನಮ್ಮ ತಂದೆಯೇ’ಯಲ್ಲಿ ದೇವರು ಆ ‘ನಾವು’ ಒಳಗೆ ಬರುವುದಿಲ್ಲ, ಆದ್ದರಿಂದ ಬಿಟ್ಟು ಹೇಳುವ ರೂಪ. ಮಾರ್ಕ 4:38ರ ‘ನಾವು ಸಾಯುತ್ತಿದ್ದೇವೆ’ಯಲ್ಲಿ ಯೇಸುವೂ ಅದೇ ದೋಣಿಯಲ್ಲಿದ್ದಾರೆ. ಶಿಷ್ಯರು ಅವರನ್ನು ಸೇರಿಸಿ ಹೇಳಿದರೋ ಬಿಟ್ಟು ಹೇಳಿದರೋ? ಎರಡಕ್ಕೂ ಸಮರ್ಥನೆ ಇದೆ, ಧ್ವನಿ ಬೇರೆ. ಗುಂಪಿನಲ್ಲಿ ಚರ್ಚಿಸಿಯೇ ತೀರ್ಮಾನಿಸಿ, ತೀರ್ಮಾನದ ಕಾರಣ ಬರೆದಿಡಿ.

## ಹಂತ 8: ತಪ್ಪಿದ ದಿನ, ವಾರದ ಕೊನೆ

ತಪ್ಪಿದ ದಿನವನ್ನು ಮಾರನೇ ದಿನ ಎರಡರಷ್ಟು ಓದಿ ತುಂಬಿಸಬೇಡಿ. ನಿಂತಲ್ಲಿಂದ ಮುಂದುವರಿಸಿ. ಇದಕ್ಕಾಗಿಯೇ ತಾರೀಕು ಹಾಕಿದ ಪಟ್ಟಿಗಿಂತ ಬರೀ ಕ್ರಮಸಂಖ್ಯೆಯ ಪಟ್ಟಿ ಒಳ್ಳೆಯದು. ಹತ್ತು ದಿನ ತಪ್ಪಿದರೂ ಪಟ್ಟಿ ನಿಮ್ಮನ್ನು ದೂಷಿಸುವುದಿಲ್ಲ.

ಶನಿವಾರ ಹೊಸ ಭಾಗ ಬೇಡ. ವಾರದ ಐದು ಪುಟ ತಿರುವಿ, ಉತ್ತರ ಸಿಗದ ಪ್ರಶ್ನೆಗಳನ್ನು ಒಂದು ಚೀಟಿಗೆ ಇಳಿಸಿ, ಭಾನುವಾರ ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ. ‘ಇದನ್ನು ವಿವರಿಸಿ’ ಎನ್ನುವುದಕ್ಕಿಂತ ‘ಎರಡು ಅನುವಾದ ಇಲ್ಲಿ ಬೇರೆ ಹೇಳುತ್ತವೆ, ಯಾಕೆ?’ ಎಂದು ಕೇಳಿದರೆ ಒಳ್ಳೆಯ ಉತ್ತರ ಸಿಗುತ್ತದೆ.

## ಎಚ್ಚರಿಕೆಯ ಗುರುತುಗಳು

ಮೂರು ದಿನದ ಧ್ಯಾನದ ಸಾಲುಗಳನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ಗೊತ್ತಾಗದಿದ್ದರೆ, ನೀವು ನಾಲ್ಕನೇ ಹಂತ ಬಿಟ್ಟಿದ್ದೀರಿ.

ಎಡಪುಟದಲ್ಲಿ ಒಂದೂ ಪ್ರಶ್ನೆಚಿಹ್ನೆ ಇಲ್ಲದಿದ್ದರೆ ನೆನಪಿನಿಂದ ಓದುತ್ತಿದ್ದೀರಿ. ಪುಸ್ತಕ ಬದಲಿಸಿ, ಪರಿಚಯ ಕಡಿಮೆ ಇರುವುದಕ್ಕೆ ಹೋಗಿ.

ಪ್ರತಿ ಭಾಗದಲ್ಲೂ ತಪ್ಪು ಮಾಡಿದವರು ಬೇರೆಯವರಂತೆ ಕಂಡರೆ, ಧ್ಯಾನ ಅತ್ತೆಗೋ ಸಹೋದ್ಯೋಗಿಗೋ ಬರೆದ ಉಪದೇಶವಾಗುತ್ತಿದೆ. ಒಂದು ವಾರ ‘ನಾನು’ ಎಂಬ ಕರ್ತೃ ಇಲ್ಲದ ವಾಕ್ಯ ಬರೆಯಬೇಡಿ.

ನಿಮ್ಮ ಕನ್ನಡ ಮೂಲಕ್ಕಿಂತ ಎರಡು ಪಟ್ಟು ಉದ್ದವಾದರೆ ಅನುವಾದದೊಳಗೆ ಉಪದೇಶ ನುಸುಳಿದೆ. ವಿವರಣೆಯನ್ನು ಅಡಿಟಿಪ್ಪಣಿಗೆ ತಳ್ಳಿ. ಬಹಳ ಚಿಕ್ಕದಾದರೆ ಕಷ್ಟದ ವಚನ ಹಾರಿಸಿದ್ದೀರಿ.

ಟಿಪ್ಪಣಿಗಳನ್ನು ಅಚ್ಚುಹಾಕುವ ಅಥವಾ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಿತ್ಯ ಹಂಚುವ ಯೋಚನೆಯಿದ್ದರೆ ಹಕ್ಕುಸ್ವಾಮ್ಯ ಮೊದಲೇ ನೋಡಿ. ಬೈಬಲ್ ಸೊಸೈಟಿಯ ಅನುವಾದಗಳಿಂದ ಉದ್ದ ಭಾಗಗಳನ್ನು ಮರುಮುದ್ರಿಸಲು ಅವರ ಅನುಮತಿ ಪಡೆಯಿರಿ. ಇಂಡಿಯನ್ ರಿವೈಸ್ಡ್ ವರ್ಷನ್ ಕ್ರಿಯೇಟಿವ್ ಕಾಮನ್ಸ್ ಹಂಚಿಕೆ ಪರವಾನಗಿಯಲ್ಲಿ ಬಂದಿದೆ: ಮೂಲ ಹೆಸರಿಸಿ, ತಿದ್ದಿದ್ದರೆ ತಿದ್ದಿದ್ದೇವೆಂದು ತಿಳಿಸಿ, ಅದೇ ಪರವಾನಗಿಯಲ್ಲಿ ಹಂಚಬಹುದು. ನಿಮ್ಮ ಸ್ವಂತ ಕನ್ನಡವನ್ನು ಹಂಚುವಾಗ ಮೇಲೆ ‘ಸರಳ ಹೇಳಿಕೆ’ ಎಂದು ಬರೆದು ವಚನದ ಅಂಕಿಗಳನ್ನು ಕೊಡಿ, ಓದುವವರು ತಮ್ಮ ಬೈಬಲ್ ತೆರೆದು ಹೋಲಿಸಿಕೊಳ್ಳಲಿ.